ಗೂಟಿಗೆ ಒಲಿದ ಕ್ರೋಟನ್

ಕ್ರೋಟನ್ ಬಲು ಬೇಗ ಮುನಿಸಿಕೊಳ್ಳುವ ಗಿಡ. ಜಾಗ ಬದಲಿಸಿದರೂ ಸಾಕು, ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ನನ್ನಲ್ಲಿದ್ದದ್ದು ಒಂದೇ ಗಿಡ. ಅದರ ಕೆಲವು ಎಲೆಗಳು ನಡುವೆ ತುಂಡಾಗಿ, ಬರೀ ನರದ ತುದಿಯಲ್ಲಿ ಇನ್ನೊಂದು ಪುಟ್ಟ ಎಲೆಯನ್ನು ಜೋತು ಬಿಟ್ಟಂತೆ ಕಾಣುತ್ತಿದ್ದವು. ಬೀಜ ಹಾಕಿದರೆ ತಾಯಿಯ ಬಣ್ಣ, ಆಕಾರ ಬರುತ್ತದೆಂಬ ಖಾತ್ರಿಯಿಲ್ಲ. ಆರು ಕಡ್ಡಿ ನೆಟ್ಟೆ, ಐದು ಕೊಳೆತವು. ಆರನೆಯದನ್ನು ಬೇರು ಬಂತೇ ಎಂದು ಕಿತ್ತು ನೋಡಿ ನಾನೇ ಕೊಂದೆ.

ಆಮೇಲೆ ಗೂಟಿ ಕಟ್ಟಿದೆ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಲು ಹೊರಟೆ. ಪೆನ್ಸಿಲ್ ದಪ್ಪದ ಕೊಂಬೆಯ ತುದಿಯಿಂದ ಒಂದಡಿ ಕೆಳಗೆ, ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿದೆ. ಸೊನೆ ಜಿನುಗಿತು. ಅದು ಮೈಗೆ ತಾಗಿದರೆ ತುರಿಕೆ, ಬಟ್ಟೆಗೆ ತಾಗಿದರೆ ಹೋಗದ ಕಲೆ. ರಬ್ಬರ್, ಮರಗೆಣಸುಗಳ ಬಂಧುವಲ್ಲವೇ! ಹೆಸರು ಮಾತ್ರ ಎರವಲು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಕ್ರೋಟನ್ ಕುಲಕ್ಕೆ ಸೇರಿಸಿದ್ದ. ಸಸ್ಯಶಾಸ್ತ್ರ ಇದನ್ನು ಕೋಡಿಯಂ ಕುಲಕ್ಕೆ ವರ್ಗಾಯಿಸಿದರೂ ಜನ ಹಳೆಯ ಹೆಸರನ್ನು ಬಿಡಲಿಲ್ಲ.

ತೊಗಟೆ ಬಿಡಿಸಿದಲ್ಲಿಗೆ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಎರಡೂ ತುದಿ ಬಿಗಿದೆ. ಎರಡು ತಿಂಗಳ ಮೇಲೆ ಬಿಚ್ಚಿದರೆ ಒಂದೂ ಬೇರಿಲ್ಲ. ಗಾಯ ಮಾಯ್ದು ಮೇಲಿನ ತೊಗಟೆ ಕೆಳಗಿನದಕ್ಕೆ ಕೂಡಿಕೊಂಡಿತ್ತು. ಎಲೆ ತಯಾರಿಸಿದ ಆಹಾರ ತೊಗಟೆಯ ಮೂಲಕ ಇಳಿಯುತ್ತದೆ. ದಾರಿ ಕಡಿದರೆ ಗಾಯದ ಮೇಲಂಚಿನಲ್ಲಿ ಅದು ತುಂಬಿಕೊಂಡು ಅಲ್ಲಿ ಬೇರೊಡೆಯುತ್ತದೆ. ತೊಗಟೆಯಡಿಯ ಲೋಳೆಯಂಥ ತೆಳು ಪದರವನ್ನು ನಾನು ಹಾಗೇ ಬಿಟ್ಟಿದ್ದೆ. ಹೊಸ ತೊಗಟೆ ಹುಟ್ಟುವುದೇ ಅದರಿಂದ.

ಎರಡನೆಯ ಸಲ ಚಾಕುವಿನ ಬೆನ್ನಿನಿಂದ ಆ ಜಾರಿಕೆ ಹೋಗುವವರೆಗೂ ಕೆರೆದೆ. ಐದನೇ ವಾರಕ್ಕೆ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರುಗಳು ಇಣುಕಿದವು. ಕತ್ತರಿಸಲು ಕೈ ತುರಿಸಿತು, ಆದರೂ ತಡೆದುಕೊಂಡೆ. ಅವು ಕವಲೊಡೆದು ಕಂದಿದ ಮೇಲೆಯೇ ಕೆಳಗಿನಿಂದ ಕತ್ತರಿಸಿ, ಪಾಚಿ ಉದುರಿಸದೆ ಕುಂಡಕ್ಕೆ ಇಳಿಸಿ, ಮೂರು ವಾರ ನೆರಳಲ್ಲಿಟ್ಟೆ. ಎರಡೇ ಎಲೆ ಉದುರಿದವು. ಕ್ರೋಟನ್ನಿನ ಮಟ್ಟಿಗೆ ಇದು ಔದಾರ್ಯ. ಹೊಸ ಎಲೆ ಹಸಿರಾಗಿ ಬಂದಾಗ ಗಾಬರಿಯಾಯಿತು. ಬಲಿತು, ಬೆಳಕು ಸಿಕ್ಕ ಮೇಲೆ ಬಣ್ಣ ಏರಿತು.

ಇತ್ತ ತಾಯಿಗಿಡದ ಕತ್ತರಿಸಿದ ತುದಿಯಲ್ಲಿ ಮೂರು ಚಿಗುರು ಒಡೆದವು. ಒಂದು ಮಾತ್ರ ಬಲಿತರೂ ಅಪ್ಪಟ ಹಸಿರಾಗಿಯೇ ಉಳಿಯಿತು, ಉಳಿದೆರಡಕ್ಕಿಂತ ವೇಗವಾಗಿಯೂ ಬೆಳೆಯುತ್ತಿತ್ತು. ಬಿಟ್ಟರೆ ಗಿಡವನ್ನೇ ಆವರಿಸುತ್ತದೆ. ಬುಡಸಮೇತ ಚಿವುಟಿದೆ.