ಹೊಟ್ಟೆ ಕ್ಯಾನ್ಸರ್: ಮೀಥೈಲೇಷನ್ ನೋಡಿ ಕೀಮೋ ಆರಿಸಬಹುದಾ?

ಮನೆಯವರಿಗೆ ಹೊಟ್ಟೆ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದೆ, ಇನ್ನೇನು ಕೀಮೋ ಶುರುವಾಗಬೇಕು, ಅಷ್ಟರಲ್ಲಿ ಯಾರೋ ಒಂದು ಸಂಶೋಧನಾ ಲೇಖನ ಕಳಿಸಿ "ಈ ಜೀನ್ ಮೀಥೈಲೇಟ್ ಆಗಿದ್ರೆ ಈ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಂತೆ" ಅನ್ನುತ್ತಾರೆ. ಓದಿ, ತಪ್ಪಿಲ್ಲ. ಆದರೆ ಅದಕ್ಕಾಗಿ ಕೀಮೋ ಮುಂದೂಡಬೇಡಿ.

ಮೀಥೈಲೇಷನ್‌ನಲ್ಲಿ ಡಿಎನ್‌ಎ ಅಕ್ಷರ ಬದಲಾಗುವುದಿಲ್ಲ. ಸೈಟೋಸಿನ್ ಎಂಬ ಅಕ್ಷರಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಅಂಟಿಕೊಳ್ಳುತ್ತದೆ, ಅಷ್ಟೇ. ಜೀನ್ ಶುರುವಾಗುವ ಪ್ರೊಮೋಟರ್ ಭಾಗದಲ್ಲಿ ಇದು ಜಾಸ್ತಿಯಾದರೆ ಆ ಜೀನ್ ಸಾಮಾನ್ಯವಾಗಿ ಕೆಲಸ ನಿಲ್ಲಿಸುತ್ತದೆ.

ನಿಮ್ಮ ರಿಪೋರ್ಟ್‌ನಲ್ಲಿ ಮೊದಲು ಹುಡುಕಬೇಕಾದ್ದು ಎಂಎಲ್‌ಎಚ್1. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಜೀನ್ ಇದು. ಬಯಾಪ್ಸಿ ರಿಪೋರ್ಟ್‌ನಲ್ಲಿ "ಎಂಎಲ್‌ಎಚ್1, ಪಿಎಂಎಸ್2 ಲಾಸ್" (ಅಂದರೆ ಈ ಎರಡು ಜೀನ್‌ಗಳ ಪ್ರೋಟೀನ್ ಗೆಡ್ಡೆಯಲ್ಲಿ ಕಾಣುತ್ತಿಲ್ಲ) ಎಂದಿದ್ದರೆ ಹೆಚ್ಚಿನವರಲ್ಲಿ ಕಾರಣ ಮೀಥೈಲೇಷನ್ನೇ. ಆಗ ತಪ್ಪುಗಳು ರಾಶಿ ಬೀಳುತ್ತವೆ, ಗೆಡ್ಡೆಯನ್ನು ಎಂಎಸ್‌ಐ-ಹೈ ಎನ್ನುತ್ತಾರೆ. ಇಲ್ಲಿ ಚಿಕಿತ್ಸೆಯ ದಾರಿಯೇ ಬದಲಾಗಬಹುದು, ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್‌ನಂಥ ಇಮ್ಯುನೋಥೆರಪಿಗೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಇಂಥ ಗೆಡ್ಡೆಗಳು ಚೆನ್ನಾಗಿ ಸ್ಪಂದಿಸುತ್ತವೆ. ಹಾಗಾಗಿ ಈ ಒಂದು ಸಾಲನ್ನು ಡಾಕ್ಟರ್‌ಗೆ ಬೆರಳಿಟ್ಟು ತೋರಿಸಿ, ಸಂಕೋಚ ಬೇಡ. ಗೆಡ್ಡೆಯಲ್ಲಿ ಎಂಎಲ್‌ಎಚ್1 ಮೀಥೈಲೇಷನ್ ಸಿಕ್ಕರೆ ಮಕ್ಕಳಿಗೂ ಬರಬಹುದಾದ, ಕ್ಯಾನ್ಸರ್ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಇರುವ ಸಾಧ್ಯತೆ ಕಡಿಮೆ, ಮನೆಯವರಿಗೆ ಅದೂ ಒಂದು ನೆಮ್ಮದಿ ಅಲ್ವಾ.

ಉಳಿದ ಜೀನ್‌ಗಳ ಕಥೆ ಬೇರೆ. ಸಿಎಚ್‌ಎಫ್‌ಆರ್ ಎಂಬ ಜೀನ್ ಮೀಥೈಲೇಟ್ ಆದರೆ ಪ್ಯಾಕ್ಲಿಟ್ಯಾಕ್ಸೆಲ್, ಡೊಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಗಳು ಹೆಚ್ಚು ಕೆಲಸ ಮಾಡಬಹುದೆಂಬ ಅಧ್ಯಯನಗಳಿವೆ, ಆದರೆ ಅದನ್ನು ನೋಡಿ ಕೀಮೋ ಆರಿಸುವುದು ಇನ್ನೂ ರೂಢಿಗೆ ಬಂದಿಲ್ಲ. ಇಂಥ ಲೇಖನ ಓದುವಾಗ ಒಂದೇ ಪ್ರಶ್ನೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಔಷಧಿ ಪಡೆಯದವರನ್ನೂ ಜೊತೆಗಿಟ್ಟು ಹೋಲಿಸಿದ್ದಾರಾ? ಹೋಲಿಸದಿದ್ದರೆ, ಮೀಥೈಲೇಷನ್ ಇದ್ದವರು ಜಾಸ್ತಿ ದಿನ ಬದುಕಿದ್ದು ಔಷಧಿಯಿಂದಲೋ, ಅವರ ಗೆಡ್ಡೆಯ ಸ್ವಭಾವವೇ ಸ್ವಲ್ಪ ಮೆತ್ತಗಿತ್ತೋ, ಹೇಳಲಾಗದು. ಎಷ್ಟು ಜನರ ಮೇಲೆ ಮಾಡಿದ್ದು, ಬೇರೆ ತಂಡಕ್ಕೂ ಅದೇ ಫಲಿತಾಂಶ ಸಿಕ್ಕಿದೆಯಾ, ಅದನ್ನೂ ನೋಡಿ.

ಡಾಕ್ಟರ್ ಹತ್ತಿರ ಎಂಎಸ್‌ಐ ಜೊತೆಗೆ ಹರ್2, ಪಿಡಿ-ಎಲ್1, ಕ್ಲಾಡಿನ್ 18.2 (ಗೆಡ್ಡೆಯಲ್ಲಿ ಹುಡುಕುವ ಮೂರು ಪ್ರೋಟೀನ್‌ಗಳು) ಪರೀಕ್ಷೆ ಆಗಿದೆಯಾ ಎಂದು ಕೇಳಿ. ಔಷಧಿ ಆರಿಸಲು ಈಗ ನಿಜವಾಗಿ ಬಳಸುವುದು ಇವನ್ನೇ. ಬಯಾಪ್ಸಿ ತುಣುಕು ಚಿಕ್ಕದಿರುತ್ತದೆ, ಸುಮ್ನೆ ಬೇರೆ ಪರೀಕ್ಷೆಗೆ ಖರ್ಚಾಗಿಬಿಟ್ಟರೆ ಇವಕ್ಕೇ ಸಾಲದು, ಆದ್ದರಿಂದ ಮೀಥೈಲೇಷನ್ ಪರೀಕ್ಷೆಗೆ ಒಪ್ಪುವ ಮೊದಲೇ ಬ್ಲಾಕ್‌ನಲ್ಲಿ (ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕಾಪಿಟ್ಟ ಗಟ್ಟಿ) ಎಷ್ಟು ಉಳಿದಿದೆ ಎಂದು ವಿಚಾರಿಸಿ.