ಒಂದೇ ಸ್ವಿಚ್, ಬೇರೆ ಬೇರೆ ನೆಟ್‌ವರ್ಕ್: ವಿಲ್ಯಾನ್ ಮಾಡುವುದು ಹೇಗೆ?

ಮಷಿನ್ನಿನ ಕಂಟ್ರೋಲ್ ಪ್ಯಾನೆಲ್ ಒಳಗೆ ಎಂಟು ಪೋರ್ಟಿನ ಒಂದು ಸ್ವಿಚ್. ಮಷಿನ್ ನಡೆಸುವ ಪಿಎಲ್‌ಸಿ, ಸೆನ್ಸರ್ ಮುಂತಾದವನ್ನು ಅದಕ್ಕೆ ಜೋಡಿಸುವ ರಿಮೋಟ್ ಐಒ, ಆಪರೇಟರ್ ನೋಡುವ ಎಚ್‌ಎಂಐ ಪರದೆ, ಎರಡು ಕ್ಯಾಮೆರಾ ಎಲ್ಲವೂ ಅದಕ್ಕೇ. ಹೊಸದೊಂದು ಬಂದಾಗಲೆಲ್ಲ ಖಾಲಿ ಪೋರ್ಟಿಗೆ ಸಿಕ್ಕಿಸುತ್ತಾ ಹೋದರೆ ಹೀಗೇ ಆಗೋದು. ಇವುಗಳಲ್ಲಿ ಯಾವುದು ಬ್ರಾಡ್‌ಕಾಸ್ಟ್ ಮಾಡಿದರೂ ಉಳಿದವೆಲ್ಲ ಕೇಳಿಸಿಕೊಳ್ಳಬೇಕು. ಒಂದು ನೆಟ್‌ವರ್ಕ್ ಕಾರ್ಡ್ ಕೆಟ್ಟು ಬ್ರಾಡ್‌ಕಾಸ್ಟ್ ಸುರಿಸತೊಡಗಿದರೆ ಮಷಿನ್ನೇ ನಿಂತುಬಿಡಬಹುದು.

ವಿಲ್ಯಾನ್ (ವರ್ಚುವಲ್ ಲ್ಯಾನ್) ಅಂದರೆ ಇದೇ ಸ್ವಿಚ್ಚನ್ನು ಒಳಗಿಂದೊಳಗೇ ಪಾಲು ಮಾಡುವುದು. 802.1ಕ್ಯೂ ಎಂಬ ಮಾನದಂಡದ ಪ್ರಕಾರ ಈಥರ್ನೆಟ್ ಫ್ರೇಮಿಗೆ, ಅಂದರೆ ಕೇಬಲ್ಲಿನಲ್ಲಿ ಹೋಗುವ ಪ್ರತಿ ಡೇಟಾ ತುಣುಕಿಗೆ, 4 ಬೈಟಿನ ಟ್ಯಾಗ್ ಸೇರುತ್ತದೆ. ಅದರಲ್ಲಿ 12 ಬಿಟ್ ವಿಲ್ಯಾನ್ ನಂಬರಿಗೆ ಮೀಸಲು. 1ರಿಂದ 4094ರವರೆಗೆ ಯಾವ ನಂಬರನ್ನಾದರೂ ಬಳಸಬಹುದು.

ಮೊದಲು ಕಾಗದದ ಮೇಲೆ

ಸ್ವಿಚ್ ಮುಟ್ಟುವ ಮುಂಚೆ ಪೋರ್ಟ್ ಪಟ್ಟಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ 1ರಿಂದ 3 ಪಿಎಲ್‌ಸಿ ಬಳಗಕ್ಕೆ, ವಿಲ್ಯಾನ್ 10. 4 ಮತ್ತು 5 ಕ್ಯಾಮೆರಾಗೆ, ವಿಲ್ಯಾನ್ 20. 6 ಸ್ವಿಚ್ಚಿನ ಮೇಲ್ವಿಚಾರಣೆಗೆ, ವಿಲ್ಯಾನ್ 99. 7ಕ್ಕೆ ಸದ್ಯ ನಿಮ್ಮ ಲ್ಯಾಪ್‌ಟಾಪ್. 8 ಪಕ್ಕದ ಸ್ವಿಚ್ಚಿಗೆ. ಪ್ರತಿ ವಿಲ್ಯಾನಿಗೂ ಬೇರೆ ಐಪಿ ಸಬ್‌ನೆಟ್ (ವಿಳಾಸಗಳ ಗುಂಪು) ಕೊಡಿ. ಮಷಿನ್ ನಿಲ್ಲಿಸಿದ ಸಮಯದಲ್ಲೇ ಕೆಲಸಕ್ಕೆ ಕೈ ಹಾಕಿ.

ಪೋರ್ಟುಗಳನ್ನು ಸೇರಿಸುವುದು

ಸ್ವಿಚ್ಚಿನ ವೆಬ್ ಪುಟ ತೆರೆದು 10, 20, 99 ಸೃಷ್ಟಿಸಿ. ಮುಂದಿನ ಹೆಜ್ಜೆಯಲ್ಲೇ ತುಂಬಾ ಜನ ಎಡವುವುದು. ಎಷ್ಟೋ ಸ್ವಿಚ್ಚುಗಳಲ್ಲಿ ಒಂದು ಪೋರ್ಟಿಗೆ ಎರಡು ಸೆಟ್ಟಿಂಗ್ ಇರುತ್ತವೆ. ಪೋರ್ಟಿನಿಂದ ಯಾವ ವಿಲ್ಯಾನಿನ ಫ್ರೇಮ್ ಹೊರಗೆ ಹೋಗಬೇಕು, ಟ್ಯಾಗ್ ಸಮೇತವೋ ಇಲ್ಲದೆಯೋ ಎನ್ನುವುದು ಒಂದು. ಟ್ಯಾಗ್ ಇಲ್ಲದೆ ಒಳಗೆ ಬಂದ ಫ್ರೇಮ್ ಯಾವ ವಿಲ್ಯಾನಿಗೆ ಸೇರಬೇಕು ಎನ್ನುವುದು ಇನ್ನೊಂದು. ಈ ಎರಡನೆಯದೇ ಪಿವಿಐಡಿ.

4ನೇ ಪೋರ್ಟನ್ನು ವಿಲ್ಯಾನ್ 20ಕ್ಕೆ ಅನ್‌ಟ್ಯಾಗ್ಡ್ ಆಗಿ ಸೇರಿಸಿದಿರಿ, ಆದರೆ ಪಿವಿಐಡಿ ಸ್ವಿಚ್ಚಿನಲ್ಲಿ ಮೊದಲಿನಿಂದಲೇ ಇರುವ ವಿಲ್ಯಾನ್ 1ರಲ್ಲೇ ಉಳಿಯಿತು ಅಂದುಕೊಳ್ಳಿ. ಅದೇ ವಿಲ್ಯಾನಿನಲ್ಲಿ ಚಿತ್ರ ದಾಖಲಿಸುವ ರೆಕಾರ್ಡರ್ ಇದ್ದರೆ, ಅದು ಕರೆದದ್ದು ಕ್ಯಾಮೆರಾಗೆ ಕೇಳುತ್ತದೆ. ಕ್ಯಾಮೆರಾ ಕೊಟ್ಟ ಉತ್ತರ ಮಾತ್ರ ವಿಲ್ಯಾನ್ 1ಕ್ಕೆ ಹೋಗಿ ಬೀಳುತ್ತದೆ, ಇಲ್ಲವೇ ಸ್ವಿಚ್ ಅದನ್ನು ಬಿಸಾಕುತ್ತದೆ. ಪೋರ್ಟಿನ ಹಸಿರು ದೀಪ ಸರಿಯಾಗೇ ಮಿನುಗುತ್ತಿರುತ್ತದೆ, ಚಿತ್ರ ಬರುವುದಿಲ್ಲ. ಸುಮ್ನೆ ಕೇಬಲ್ ಬದಲಾಯಿಸುತ್ತಾ ಕೂರಬೇಡಿ, ಪಿವಿಐಡಿ ನೋಡಿ. ಜೊತೆಗೆ ಆ ಪೋರ್ಟನ್ನು ವಿಲ್ಯಾನ್ 1ರಿಂದ ತೆಗೆಯಿರಿ.

8ನೇ ಪೋರ್ಟ್ ಟ್ರಂಕ್, ಅಂದರೆ ಹಲವು ವಿಲ್ಯಾನ್‌ಗಳನ್ನು ಒಂದೇ ಕೇಬಲ್ಲಿನಲ್ಲಿ ಸಾಗಿಸುವ ದಾರಿ. 10, 20, 99 ಮೂರರಲ್ಲೂ ಟ್ಯಾಗ್ಡ್ ಮಾಡಿ, ಆಚೆ ತುದಿಯಲ್ಲೂ ಹಾಗೇ ಇರಲಿ. ಸ್ವಿಚ್ಚುಗಳು ರಿಂಗ್ ಆಗಿ ಜೋಡಿಸಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಫ್ರೇಮುಗಳು ಸುತ್ತುತ್ತಲೇ ಇರದಂತೆ ರಿಂಗಿನಲ್ಲಿ ಒಂದು ಕೊಂಡಿಯನ್ನು ಸಾಮಾನ್ಯವಾಗಿ ತಡೆದಿಟ್ಟಿರುತ್ತಾರೆ. ಅಲ್ಲಿ ಒಂದು ವಿಲ್ಯಾನ್ ಬಿಟ್ಟುಹೋಗಿದ್ದರೆ ಇವತ್ತು ಗೊತ್ತೇ ಆಗುವುದಿಲ್ಲ. ಬೇರೆಲ್ಲೋ ಕೇಬಲ್ ತುಂಡಾಗಿ ಆ ದಾರಿ ತೆರೆದಾಗ ಉಳಿದದ್ದೆಲ್ಲ ನಡೆಯುತ್ತದೆ, ಆ ಒಂದು ವಿಲ್ಯಾನ್ ಸತ್ತಿರುತ್ತದೆ.

ಮೇಲ್ವಿಚಾರಣೆ ಕೊನೆಗೆ

ಸ್ವಿಚ್ಚಿನ ಮ್ಯಾನೇಜ್‌ಮೆಂಟ್ ವಿಲ್ಯಾನನ್ನು 1ರಿಂದ 99ಕ್ಕೆ ಬದಲಿಸುವ ಕೆಲಸ ಎಲ್ಲದರ ಕೊನೆಗಿರಲಿ. 6ನೇ ಪೋರ್ಟ್ ಮೊದಲೇ 99ರಲ್ಲಿ ಸಿದ್ಧವಿರಬೇಕು. ಬದಲಿಸಿದ ತಕ್ಷಣ 7ರಲ್ಲಿರುವ ಲ್ಯಾಪ್‌ಟಾಪಿನ ಪುಟ ನಿಂತುಹೋಗುತ್ತದೆ. ಗಾಬರಿ ಬೇಡ, ಕೇಬಲ್ಲನ್ನು 6ಕ್ಕೆ ಹಾಕಿದರೆ ಮತ್ತೆ ತೆರೆಯುತ್ತದೆ. ನಾನೊಮ್ಮೆ ಆ ಪೋರ್ಟ್ ಸಿದ್ಧ ಮಾಡದೆ ಬದಲಿಸಿ, ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ತರಿಸಿಕೊಂಡೇ ಒಳಗೆ ಹೋಗಬೇಕಾಯಿತು. ಅಂದಿನಿಂದ ಆ ಕೇಬಲ್ ನನ್ನ ಬ್ಯಾಗಿನಲ್ಲೇ ಇದೆ. ಖಾಲಿಯಾದ 7ನೇ ಪೋರ್ಟನ್ನು ಆಫ್ ಮಾಡಿಬಿಡಿ.

ಪರೀಕ್ಷೆ ಎರಡು ಥರ. ಒಂದೇ ವಿಲ್ಯಾನಿನ ಸಾಧನಗಳಿಗೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಕರೆ) ಹೋಗಬೇಕು. ಬೇರೆ ವಿಲ್ಯಾನಿಗೆ ಹೋಗಬಾರದು. ಎರಡನೆಯದಕ್ಕೆ ಲ್ಯಾಪ್‌ಟಾಪನ್ನು ಕ್ಯಾಮೆರಾ ಪೋರ್ಟಿಗೆ ಹಾಕಿ, ಪಿಎಲ್‌ಸಿ ಸಬ್‌ನೆಟ್ಟಿನದೇ ಖಾಲಿ ವಿಳಾಸ ಕೊಟ್ಟು ನೋಡಿ. ಸಬ್‌ನೆಟ್ಟೇ ಬೇರೆ ಇದ್ದರೆ ಪಿಂಗ್ ಹೇಗಿದ್ದರೂ ಹೋಗುವುದಿಲ್ಲ, ಅಲ್ವಾ? ಎರಡು ವಿಲ್ಯಾನ್‌ಗಳ ನಡುವೆ ಮಾತು ಬೇಕೇ ಬೇಕೆಂದರೆ ನಡುವೆ ರೂಟರ್ ಅಥವಾ ಫೈರ್‌ವಾಲ್ ಇಡಿ, ಬೇಕಾದಷ್ಟನ್ನು ಮಾತ್ರ ಬಿಡಿ.

ಎಷ್ಟೋ ಸ್ವಿಚ್ಚುಗಳಲ್ಲಿ ಅಪ್ಲೈ ಒತ್ತಿದರೆ ಸೆಟ್ಟಿಂಗ್ ಚಾಲ್ತಿಗೆ ಬರುತ್ತದೆ, ಉಳಿಯುವುದಿಲ್ಲ. ಸೇವ್ ಬೇರೆಯೇ ಒತ್ತಬೇಕು. ಒತ್ತಿ, ಕಾನ್ಫಿಗರೇಶನ್ ಫೈಲ್ ಇಳಿಸಿಟ್ಟುಕೊಳ್ಳಿ. ಮಷಿನ್ ಇನ್ನೂ ನಿಂತಿರುವಾಗಲೇ ಸ್ವಿಚ್ಚಿನ ಪವರ್ ತೆಗೆದು ಹಾಕಿ, ಅದೇ ಪಿಂಗ್‌ಗಳನ್ನು ಇನ್ನೊಮ್ಮೆ ಮಾಡಿ. ಪೋರ್ಟ್ ಪಟ್ಟಿಯ ಕಾಗದವನ್ನು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ.