ಚುಚ್ಚಿದ ಮಾತಿನಲ್ಲಿ ‘ನಾನು’ ಹುಡುಕುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ನನ್ನ ಇಸ್ತ್ರಿ ಅಂಗಡಿ. 28 ವರ್ಷವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರೇ ಹೆಚ್ಚಿನ ಗಿರಾಕಿಗಳು. ಹೋದ ಮಳೆಗಾಲದಲ್ಲಿ ಪೆಟ್ಟಿಗೆ ಹೆಚ್ಚು ಕಾದು, ಒಬ್ಬ ಹುಡುಗನ ಬಿಳಿ ಅಂಗಿಯ ಕಾಲರಿಗೆ ಕಂದು ಕಲೆ ಬಿತ್ತು. “ಕಾಕಾ, ಇಷ್ಟು ವರ್ಷಾದ್ರೂ ನಿಮಗ ಇಸ್ತ್ರಿ ಮಾಡಾಕ ಬರಂಗಿಲ್ಲೇನ್ರಿ?” ಅಂದ, ನಾಲ್ಕು ಜನರ ಎದುರು. ಅಂಗಿಯ ರೊಕ್ಕ ಕೊಟ್ಟೆ. ಮಾತು ಮಾತ್ರ ಮೂರು ರಾತ್ರಿ ನಿದ್ದೆ ಕೆಡಿಸಿತು.

ಮೈ-ಮನಸ್ಸಿನ ಈ ಕಂತೆಯಲ್ಲಿ ‘ನಾನು’ ಎಂಬ ಗಟ್ಟಿ ವಸ್ತುವೊಂದಿದೆ ಎಂಬ ತಪ್ಪು ತಿಳಿವಿಗೆ, ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ, ಸಕ್ಕಾಯದಿಟ್ಠಿ ಅನ್ನುತ್ತಾರೆ. ಅದನ್ನು ಕಳೆದುಕೊಳ್ಳಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕಣ್ಣು ಮುಚ್ಚಿ ತಣ್ಣಗೆ ಕೂತಾಗ ‘ನಾನು’ ಹುಡುಕಬೇಡಿ, ಆಗ ಅದು ಅಡಗಿರುತ್ತದೆ. ಯಾರಾದರೂ ಚುಚ್ಚಿದಾಗ ಎದ್ದು ನಿಲ್ಲುತ್ತದಲ್ಲ, ಆಗ ನೋಡಿ.

ಆ ಕಂತೆಯನ್ನು ಬುದ್ಧ ಐದು ಭಾಗ ಮಾಡಿದ್ದಾನೆ, ಆ ಐದು ಕಡೆ ನೋಡಬೇಕು: ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ. ಈ ಹೆಸರುಗಳು ಕನ್ನಡದವರನ್ನು ಎಡವಿಸುತ್ತವೆ, ನನ್ನನ್ನೂ ಬಹಳ ದಿನ ಎಡವಿಸಿದವು. ನಮಗೆ ವೇದನೆ ಅಂದರೆ ನೋವು. ಇಲ್ಲಿ ಹಿತ, ಅಹಿತ, ಎರಡೂ ಅಲ್ಲದ್ದು, ಮೂರೂ ವೇದನೆಯೇ. ರೂಪ ಅಂದರೆ ಮೈ, ಸಂಸ್ಕಾರ ಅಂದರೆ ಮನಸ್ಸಿನ ಹೂಟ, ವಿಜ್ಞಾನ ಅಂದರೆ ಬರಿಯ ಅರಿವು.

ಆ ದಿನದ್ದನ್ನೇ ಬಿಡಿಸಿ ಹೇಳುತ್ತೇನೆ. ಕಿವಿ ಬಿಸಿಯಾಯಿತು, ಅದು ರೂಪ. ಒಳಗೆ ಕಹಿ ಎದ್ದಿತು, ವೇದನೆ. ‘ಇದು ಅವಮಾನ’ ಎಂದು ಗುರುತು ಹಚ್ಚಿದ್ದು ಸಂಜ್ಞೆ. ತಿರುಗಿ ಏನನ್ನಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿದ್ದು ಸಂಸ್ಕಾರ. ಇವೆಲ್ಲ ಗೊತ್ತಾಗುತ್ತಿದ್ದದ್ದು ವಿಜ್ಞಾನ. ಒಂದೊಂದನ್ನೂ ಹಿಡಿದು ಕೇಳಿ: ಇದು ಉಳಿಯುತ್ತದೆಯೇ? ನನ್ನ ಮಾತು ಕೇಳುತ್ತದೆಯೇ? ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಬುದ್ಧ ಹೇಳಿದ್ದು ಇದನ್ನೇ: ಮೈ ‘ನಾನು’ ಆಗಿದ್ದರೆ ‘ಹೀಗಿರು’ ಅಂದಂತೆ ಇರಬೇಕಿತ್ತು. ಕೆಂಡದ ಪೆಟ್ಟಿಗೆ ಎಳೆದೂ ಎಳೆದೂ ಸವೆದ ನನ್ನ ಬಲಭುಜಕ್ಕೆ ದಿನಾ ಸಂಜೆ ‘ನೋಯಬೇಡ’ ಅನ್ನುತ್ತೇನೆ. ಅದು ನೋಯುತ್ತದೆ.

ಇಷ್ಟಾದರೂ ‘ನಾನು’ ನಾಲ್ಕು ಸಂದಿಯಲ್ಲಿ ನುಸುಳುತ್ತದೆ. ಕಹಿಯೇ ನಾನು, ಕಹಿ ನನ್ನದು, ಕಹಿ ನನ್ನೊಳಗಿದೆ, ಕಹಿಯೊಳಗೆ ನಾನಿದ್ದೇನೆ. ಐದಕ್ಕೆ ನಾಲ್ಕರಂತೆ ಒಟ್ಟು 20. ನಾನು ಸಿಕ್ಕಿಬೀಳುತ್ತಿದ್ದದ್ದು ಎರಡನೆಯದರಲ್ಲಿ: ನನ್ನ ಕೈ, ನನ್ನ ಹೆಸರು, ನನ್ನ 28 ವರ್ಷ. ನಿಮ್ಮ ಸಂದಿ ಯಾವುದು ಎಂದು ಗೊತ್ತುಮಾಡಿಕೊಳ್ಳಿ. ಸಿಕ್ಕಾಗ ‘ಇದು ನನ್ನದಲ್ಲ, ಇದು ನಾನಲ್ಲ, ಇದು ನನ್ನ ಆತ್ಮವಲ್ಲ’ ಎಂದು ನೋಡಿ. ಬಾಯಿಪಾಠ ಮಾಡಿದರೆ ಏನೂ ಆಗುವುದಿಲ್ಲ.

‘ಹಾಗಾದರೆ ನಾನು ಇಲ್ಲವೇ ಇಲ್ಲ’ ಎಂಬ ಕಡೆಗೂ ಜಾರಬೇಡಿ. ಆತ್ಮ ಇದೆಯೇ, ಇಲ್ಲವೇ ಎಂದು ವಚ್ಛಗೊತ್ತ ಎಂಬ ಅಲೆಮಾರಿ ಸನ್ಯಾಸಿ ಕೇಳಿದಾಗ ಬುದ್ಧ ಎರಡಕ್ಕೂ ಸುಮ್ಮನಿದ್ದ. ಕಲೆ ಬಿದ್ದದ್ದು ಈ ಕೈಯಿಂದ, ರೊಕ್ಕ ಕೊಡುವುದೂ ಈ ಕೈಯೇ.

‘ನಾನು’ ಬೇಗ ಹೋಗಲಿಲ್ಲವೆಂದು ಬೇಸರಿಸಬೇಡಿ. ಖೇಮಕ ಎಂಬ ಭಿಕ್ಷು ಕಾಯಿಲೆ ಬಿದ್ದಾಗ ಹೇಳಿದ ಹೋಲಿಕೆ ನನ್ನ ಕಸುಬಿಗೆ ಹತ್ತಿರದ್ದು. ಸವಳು ಮಣ್ಣು, ಕ್ಷಾರ, ಸಗಣಿ ಹಾಕಿ ತಿಕ್ಕಿ ಜಾಲಿಸಿದ ಬಟ್ಟೆ ಸ್ವಚ್ಛವಾದರೂ ಅದರಲ್ಲಿ ಸವಳಿನ ವಾಸನೆ ಉಳಿದಿರುತ್ತದೆ. ತಪ್ಪು ತಿಳಿವು ಹೋದಮೇಲೂ ‘ನಾನಿದ್ದೇನೆ’ ಎಂಬ ವಾಸನೆ ಹಾಗೆ ಉಳಿಯುತ್ತದಂತೆ. ಸುವಾಸನೆಯ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಂತೆ, ನೋಡುತ್ತ ನೋಡುತ್ತ ಅದೂ ಹೋಗುತ್ತದೆ.

ಹೋದ ವಾರ ಅದೇ ಹುಡುಗ ಎರಡು ಅಂಗಿ ತಂದ. ಕಿವಿ ಮತ್ತೆ ಬಿಸಿಯಾಯಿತು. ನೀರು ಚಿಮುಕಿಸುತ್ತ ಅದನ್ನೇ ನೋಡಿದೆ. ಮೊದಲ ಅಂಗಿಯ ಕಾಲರ್ ಮುಗಿಯುವಷ್ಟರಲ್ಲಿ ಆರಿತ್ತು. ಎರಡನೆಯದನ್ನು ಹಾಸಿದೆ.